ಚಾಮಿ ಕಣ್ಣು ಕುಕ್ಕಲ್ಲ ಮಗಳೇ

ನನಗೆ ದೇವರಲ್ಲಿ ನಂಬಿಕೆ ಇಲ್ಲ. ಮೈಸೂರಿನ ನಮ್ಮ ಮನೆಯಲ್ಲಿ ಉಳಿದವರಿಗೆಲ್ಲ ಇದೆ, ನನ್ನ ಪಾಲಿನದೂ ಸೇರಿ. ಆಷಾಢ ಶುಕ್ರವಾರ ಅತ್ತೆ ಚಾಮುಂಡಿ ಬೆಟ್ಟಕ್ಕೆ ಹೊರಟರೆ ಮಗಳೂ ಸೆರಗು ಹಿಡಿದು ಹೊರಡುತ್ತಾಳೆ. ನಾನು ತಡೆಯುವುದಿಲ್ಲ. ಮೆಟ್ಟಿಲು ಹತ್ತಿದರೆ ಕಾಲಿಗೆ ಒಳ್ಳೆಯದು. ಪ್ರಸಾದವಂತೂ ನನಗೂ ಇಷ್ಟ.

ನನ್ನ ತಕರಾರು ಹೆದರಿಸುವುದರ ಬಗ್ಗೆ. ‘ಸುಳ್ಳು ಹೇಳಿದ್ರೆ ಚಾಮಿ ಕಣ್ಣು ಕುಕ್ಕುತ್ತೆ’ ಅಂತ ಹೇಳದ ಮನೆ ನಮ್ಮ ಬೀದಿಯಲ್ಲಿ ಇಲ್ಲ.

2019ರ ಡಿಸೆಂಬರ್ 26ರ ಸೂರ್ಯಗ್ರಹಣ ನೆನಪಿದೆಯಲ್ವಾ? ದಕ್ಷಿಣ ಕೊಡಗಿನಲ್ಲಿ ಕಂಕಣ, ಮೈಸೂರಿನಲ್ಲಿ ಸೂರ್ಯ ಬಹುಪಾಲು ಮುಚ್ಚಿತ್ತು. ಅತ್ತೆ ಮೊಸರಿನ ಮೇಲೆ ಗರಿಕೆ ಹಾಕಿ ಕೂತರು. ನಾನು ತರಕಾರಿ ತೊಳೆಯುವ ತೂತಿನ ಬುಟ್ಟಿ ಹಿಡಿದು ಮಗಳನ್ನು ತಾರಸಿಗೆ ಕರೆದುಕೊಂಡು ಹೋದೆ. ಬುಟ್ಟಿಯ ನೆರಳಿನಲ್ಲಿ ತೂತಿಗೊಂದರಂತೆ ಕುಡುಗೋಲಿನಂಥ ಪುಟ್ಟ ಸೂರ್ಯ. ಅವಳು ಅಂಗೈ ಒಡ್ಡಿ, ಮುಷ್ಟಿ ಮುಚ್ಚಿ, ಮತ್ತೆ ತೆರೆದು ನೋಡಿದಳು. ನಡುವೆ ಬಾಳೆಹಣ್ಣೂ ತಿಂದಳು. ಅತ್ತೆ ಹೊಸಿಲು ದಾಟಲಿಲ್ಲ, ಆದರೆ ಮೊಮ್ಮಗಳ ವರದಿಯನ್ನೆಲ್ಲ ಕೇಳಿಸಿಕೊಂಡರು. ಆಮೇಲೆ ತಲೆಗೆ ಸ್ನಾನ ಮಾಡಿ ಅಂದರು, ಮಾಡಿದೆವು.

ಶಾಲೆಯಲ್ಲಿ ದಿನಾ ಶ್ಲೋಕ ಹೇಳಿಸುತ್ತಾರೆ. ಸರ್ಕಾರದ ಮಾನ್ಯತೆ ಇರುವ ಶಾಲೆ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಪೂಜೆಗೆ ನಿಲ್ಲಿಸುವಂತಿಲ್ಲ, ಸಂವಿಧಾನದ 28(3)ನೇ ವಿಧಿ ಅದನ್ನೇ ಹೇಳುತ್ತದೆ. ಆದರೂ ನಾನು ಪತ್ರ ಬರೆದಿಲ್ಲ. ಗೆಳತಿಯರ ಸಾಲಿನಲ್ಲಿ ನಿಂತು ಹಾಡುವುದು ಅವಳಿಗೆ ಇಷ್ಟ. ಪವಾಡಗಳನ್ನು ಪರೀಕ್ಷೆ ಮಾಡಲು 1976ರಲ್ಲಿ ಸಮಿತಿಯನ್ನೇ ಕಟ್ಟಿದ ಎಚ್. ನರಸಿಂಹಯ್ಯನವರ ಗಟ್ಟಿತನ ನನಗೆಲ್ಲಿಂದ ಬರಬೇಕು? ಅವರು ಬ್ರಹ್ಮಚಾರಿ. ಅತ್ತೆಮನೆ ಇರಲಿಲ್ಲ ನೋಡಿ!

ಹೋದ ಮಳೆಗಾಲದಲ್ಲಿ ಮಗನಿಗೆ ಜ್ವರ ಬಂತು. ‘ನಿಮ್ಮಮ್ಮ ದೇವರಿಗೆ ಕೈ ಮುಗಿಯಲ್ಲ, ಅದಕ್ಕೇ ತಮ್ಮನಿಗೆ ಹೀಗಾಗಿದೆ’ ಅಂತ ಪಕ್ಕದ ಮನೆಯವರು ಮಗಳಿಗೆ ಹೇಳಿದ್ದಾರೆ. ರಾತ್ರಿ ಹೊದಿಕೆಯೊಳಗಿಂದ, ‘ಅಮ್ಮಾ, ನಾನೂ ಮೊನ್ನೆ ಕೈ ಮುಗಿದಿರಲಿಲ್ಲ. ನನ್ನಿಂದಾನಾ?’ ಅಂತ ಕೇಳಿದಳು. ನನಗೆ ಮೈಯೆಲ್ಲ ಉರಿದುಹೋಯಿತು. ಅವನ ತರಗತಿಯಲ್ಲಿ ಇನ್ಯಾರಿಗೆಲ್ಲ ಜ್ವರ ಬಂದಿದೆ ಅಂತ ಒಬ್ಬೊಬ್ಬರನ್ನೇ ಎಣಿಸಿದೆವು. ಅವರಲ್ಲಿ ಅರ್ಚಕರ ಮಗನೂ ಇದ್ದ.

ಬೆಳಿಗ್ಗೆ ನಾನು ಜಗಳಕ್ಕೆ ಹೊರಡುವಷ್ಟರಲ್ಲಿ ಅತ್ತೆಯೇ ಕಾಂಪೌಂಡ್ ಹತ್ತಿರ ನಿಂತಿದ್ದರು. ‘ಮಗು ಹತ್ರ ಇಂಥದ್ದೆಲ್ಲ ಮಾತಾಡ್ಬೇಡ ಕಣಮ್ಮ. ಏನಿದ್ರೂ ನನ್ನ ಹತ್ರ ಹೇಳು.’ ಇಷ್ಟೇ ಅಂದು ಒಳಗೆ ಬಂದರು.

ಸಂಜೆ ಒಣಮೆಣಸಿನಕಾಯಿ ತಂದು ಮೊಮ್ಮಗನಿಗೆ ದೃಷ್ಟಿ ತೆಗೆದರು. ನಾನು ಕಿಟಕಿ ತೆಗೆದಿಟ್ಟೆ, ಘಾಟು ಹೋಗಲಿ ಅಂತ.