ಡೈರಿಯ ಹಾಲಿನ ಲೆಕ್ಕ: ಪಿವಟ್ ಟೇಬಲ್‌ನಲ್ಲಿ ಯಾವ ಫೀಲ್ಡ್ ಎಲ್ಲಿ?

ಸಾವಿರಾರು ಸಾಲುಗಳನ್ನು ಗುಂಪು ಮಾಡಿ ಮೊತ್ತ ತೋರಿಸುವ ಎಕ್ಸೆಲ್‌ನ ಪಿವಟ್ ಟೇಬಲ್ ಕಷ್ಟ ಅನ್ನುವವರ ಶೀಟ್ ತೆರೆದು ನೋಡಿದರೆ, ಹತ್ತಕ್ಕೆ ಎಂಟು ಸಲ ತೊಂದರೆ ಪಿವಟ್‌ನಲ್ಲಿ ಇರುವುದಿಲ್ಲ, ಅದಕ್ಕೂ ಮುಂಚೆ ಡೇಟಾ ತುಂಬಿದ ರೀತಿಯಲ್ಲಿ ಇರುತ್ತದೆ. ಹಾಲು ಉತ್ಪಾದಕರ ಸಂಘದ ಲೆಕ್ಕವನ್ನೇ ತೆಗೆದುಕೊಳ್ಳೋಣ. ಕಾಗದದಲ್ಲಾದರೆ ಎಡಗಡೆ ಸದಸ್ಯರ ಹೆಸರು, ಮೇಲೆ 1ರಿಂದ 31ರವರೆಗೆ ತಾರೀಖು ಬರೆದು ಮನೆ ತುಂಬುತ್ತಾ ಹೋಗುವುದು ಕಣ್ಣಿಗೆ ಹಿತ. ಅದನ್ನೇ ಎಕ್ಸೆಲ್‌ಗೂ ತಂದರೆ ಪಿವಟ್‌ಗೆ ‘ತಾರೀಖು’ ಅನ್ನುವ ಒಂದು ಫೀಲ್ಡ್ (ಹೆಡಿಂಗ್ ಇರುವ ಒಂದು ಕಾಲಮ್) ಸಿಗುವುದಿಲ್ಲ. 31 ಬೇರೆ ಬೇರೆ ಫೀಲ್ಡ್‌ಗಳು ಸಿಗುತ್ತವೆ. ಅಲ್ಲಿಂದ ಮುಂದೆ ಏನು ಮಾಡಿದರೂ ತಿಂಗಳ ಮೊತ್ತ ನೆಟ್ಟಗೆ ಬರುವುದಿಲ್ಲ.

ಒಬ್ಬರು ಒಂದು ಹೊತ್ತು ಹಾಕಿದ ಹಾಲಿಗೆ ಒಂದು ಸಾಲು. ಕಾಲಮ್‌ಗಳು ಇಷ್ಟೇ: ತಾರೀಖು, ಹೊತ್ತು, ಸದಸ್ಯರ ನಂಬರ್, ಹೆಸರು, ಲೀಟರ್, ಫ್ಯಾಟ್, ದರ, ಮೊತ್ತ. 200 ಸದಸ್ಯರು ಎರಡೂ ಹೊತ್ತು ಹಾಲು ಹಾಕಿದರೆ 30 ದಿನಕ್ಕೆ 12,000 ಸಾಲು ಆಗುತ್ತದೆ. ಆಗಲಿ, ಒಂದು ಶೀಟ್ 10,48,576 ಸಾಲು ಹಿಡಿಯುತ್ತದೆ. ಆಗಲೇ ಅಗಲಕ್ಕೆ ತುಂಬಿಟ್ಟಿದ್ದರೆ ಎಕ್ಸೆಲ್‌ನಲ್ಲೇ ಇರುವ, ಡೇಟಾದ ರೂಪ ಬದಲಿಸುವ ಪವರ್ ಕ್ವೆರಿಯಲ್ಲಿ ನಂಬರ್ ಮತ್ತು ಹೆಸರಿನ ಕಾಲಮ್ ಆರಿಸಿ ‘ಅನ್‌ಪಿವಟ್ ಅದರ್ ಕಾಲಮ್ಸ್’ ಕೊಡಿ, ಉದ್ದಕ್ಕೆ ತಿರುಗುತ್ತದೆ. ಆಮೇಲೆ ಕಂಟ್ರೋಲ್ + ಟಿ ಒತ್ತಿ ಅದನ್ನು ಟೇಬಲ್ ಮಾಡಿಬಿಡಿ. ಇಲ್ಲದಿದ್ದರೆ ನಾಳೆ ಕೆಳಗೆ ಸೇರಿಸಿದ ಸಾಲುಗಳು ಪಿವಟ್‌ನ ವ್ಯಾಪ್ತಿಗೆ ಬರದೆ ಹೊರಗೇ ಉಳಿಯುತ್ತವೆ. ಹೆಡಿಂಗ್ ಸಾಲಿನಲ್ಲಿ ಒಂದು ಮನೆ ಖಾಲಿ ಇದ್ದರೂ ಫೀಲ್ಡ್ ಹೆಸರು ಸರಿಯಿಲ್ಲ ಅಂತ ಎಕ್ಸೆಲ್ ಪಿವಟ್ ಮಾಡಲು ಒಪ್ಪುವುದಿಲ್ಲ.

ಈಗ ಇನ್ಸರ್ಟ್ ಟ್ಯಾಬ್‌ನಲ್ಲಿ ಪಿವಟ್‌ಟೇಬಲ್ ಕೊಟ್ಟರೆ ಪಕ್ಕದಲ್ಲಿ ಕಾಣುವ ನಾಲ್ಕು ಚೌಕ: ಫಿಲ್ಟರ್ಸ್, ಕಾಲಮ್ಸ್, ರೋಸ್, ವ್ಯಾಲ್ಯೂಸ್. ಕೂಡಿಸಬೇಕಾದದ್ದು ವ್ಯಾಲ್ಯೂಸ್‌ಗೆ. ಉಳಿದದ್ದನ್ನು ಎಲ್ಲಿಡುವುದು ಅಂತ ತೀರ್ಮಾನಿಸಲು ಆ ಫೀಲ್ಡ್‌ನಲ್ಲಿ ಎಷ್ಟು ಬೇರೆ ಬೇರೆ ನಮೂದುಗಳಿವೆ ಅಂತ ಎಣಿಸಿ. ಹೊತ್ತು ಎರಡೇ, ಅದು ಕಾಲಮ್ಸ್‌ಗೆ ಹೇಳಿ ಮಾಡಿಸಿದ್ದು. ಸದಸ್ಯರು 200, ಅವರು ರೋಸ್‌ಗೇ ಹೋಗಬೇಕು. ಅವರನ್ನು ಕಾಲಮ್ಸ್‌ಗೆ ಹಾಕಿ ವ್ಯಾಲ್ಯೂಸ್‌ನಲ್ಲಿ ಲೀಟರ್, ಮೊತ್ತ ಎರಡನ್ನೂ ಇಟ್ಟರೆ 400 ಕಾಲಮ್ ಹರಡಿಕೊಳ್ಳುತ್ತದೆ, ಯಾವ ಪ್ರಿಂಟರ್‌ಗೂ ಒಗ್ಗುವುದಿಲ್ಲ. ವ್ಯಾಲ್ಯೂಸ್‌ನಲ್ಲಿ ಎರಡು ಫೀಲ್ಡ್ ಇಟ್ಟ ಕೂಡಲೇ ಕಾಲಮ್ಸ್ ಚೌಕದಲ್ಲಿ ‘ವ್ಯಾಲ್ಯೂಸ್’ ಅಂತ ಒಂದು ತಾನಾಗಿಯೇ ಬಂದು ಕೂರುತ್ತದೆ. ಅದನ್ನೂ ಎಳೆದಾಡಬಹುದು: ಹೊತ್ತಿನ ಮೇಲಿಟ್ಟರೆ ಲೀಟರ್‌ಗಳೆಲ್ಲ ಒಂದು ಕಡೆ, ಮೊತ್ತಗಳೆಲ್ಲ ಒಂದು ಕಡೆ; ಕೆಳಗಿಟ್ಟರೆ ಬೆಳಗಿನ ಲೀಟರ್-ಮೊತ್ತ ಒಟ್ಟಿಗೆ, ಸಂಜೆಯದು ಒಟ್ಟಿಗೆ. ಹೋಲಿಸಿ ನೋಡಬೇಕಾದ ಅಂಕಿಗಳು ಅಕ್ಕಪಕ್ಕ ಬರುವಂತೆ ಇಡಿ.

ರೋಸ್‌ನಲ್ಲಿ ಮೇಲೆ ಕೆಳಗೆ ಅನ್ನುವುದಕ್ಕೂ ಅರ್ಥ ಇದೆ. ಸದಸ್ಯರ ಕೆಳಗೆ ತಿಂಗಳು (ತಾರೀಖನ್ನು ಗ್ರೂಪ್ ಮಾಡಿದರೆ ಸಿಗುವುದು) ಇಟ್ಟರೆ ಒಬ್ಬೊಬ್ಬರ ಏರಿಳಿತ ಕಾಣುತ್ತದೆ. ತಿಂಗಳ ಕೆಳಗೆ ಸದಸ್ಯರನ್ನಿಟ್ಟರೆ ಆ ತಿಂಗಳು ಯಾರದ್ದು ಹೆಚ್ಚು ಅಂತ ಕಾಣುತ್ತದೆ. ಗ್ರ್ಯಾಂಡ್ ಟೋಟಲ್ ಎರಡರಲ್ಲೂ ಒಂದೇ, ಬದಲಾಗುವುದು ನಡುವಿನ ಮೊತ್ತಗಳು. ಒಂದೇ ಹೆಸರಿನವರು ಇಬ್ಬರಿದ್ದರೆ ಬರೀ ಹೆಸರು ಇಡಲೇಬೇಡಿ, ಇಬ್ಬರ ಹಾಲೂ ಒಂದಾಗಿಬಿಡುತ್ತದೆ. ನಂಬರ್ ಮೇಲೆ, ಹೆಸರು ಕೆಳಗೆ. ಆಮೇಲೆ ಡಿಸೈನ್ ಟ್ಯಾಬ್‌ನ ರಿಪೋರ್ಟ್ ಲೇಔಟ್‌ನಲ್ಲಿ ಟ್ಯಾಬ್ಯುಲರ್ ಫಾರ್ಮ್ ಆರಿಸಿ, ಸಬ್‌ಟೋಟಲ್ ತೆಗೆದರೆ ಎರಡೂ ಒಂದೇ ಸಾಲಿನಲ್ಲಿ ಬರುತ್ತವೆ.

ಕನ್ನಡದಲ್ಲಿ ಟೈಪ್ ಮಾಡುವವರು ಎಡವುವ ಜಾಗ ಒಂದಿದೆ. ಒಬ್ಬರು ‘ಬೆಳಿಗ್ಗೆ’ ಅಂತಲೂ ಇನ್ನೊಬ್ಬರು ‘ಬೆಳಗ್ಗೆ’ ಅಂತಲೂ ಬರೆದರೆ ಪಿವಟ್‌ನಲ್ಲಿ ಮೂರು ಹೊತ್ತು ಕಾಣಿಸುತ್ತದೆ. ಕೊನೆಯಲ್ಲಿ ಒಂದು ಸ್ಪೇಸ್ ಉಳಿದಿದ್ದರಂತೂ ಕಣ್ಣಿಗೆ ಕಾಣದು, ಲೆಕ್ಕ ಮಾತ್ರ ಒಡೆದಿರುತ್ತದೆ. ಡೇಟಾ ವ್ಯಾಲಿಡೇಷನ್‌ನಲ್ಲಿ ಪಟ್ಟಿ ಕೊಟ್ಟು ಅದರಿಂದಲೇ ಆರಿಸುವಂತೆ ಮಾಡುವುದು ಒಳ್ಳೆಯದು. ಹಳೆಯ ನುಡಿ ಆಸ್ಕಿ ಫಾಂಟ್‌ನಲ್ಲಿ ತುಂಬಿದ ಹೆಸರುಗಳು ಪಿವಟ್‌ಗೆ ಬಂದಾಗ ಆ ಫಾಂಟ್ ಜೊತೆಗೆ ಬರುವುದಿಲ್ಲ, ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಯೂನಿಕೋಡ್‌ಗೆ ಬದಲಿಸಿಯೇ ಮುಂದುವರಿಯಿರಿ.

ತಾರೀಖು ಇನ್ನೂ ಮೋಸದ್ದು. ಕಂಪ್ಯೂಟರಿನ ರೀಜನ್ (ದೇಶದ ಸೆಟ್ಟಿಂಗ್) ಅಮೆರಿಕದ್ದಾಗಿದ್ದರೆ 13/04/2025 ಬರೀ ಅಕ್ಷರವಾಗಿ ಉಳಿಯುತ್ತದೆ, 05/04/2025 ಸದ್ದಿಲ್ಲದೆ ಮೇ 4 ಆಗುತ್ತದೆ. ಅಕ್ಷರವಾಗಿ ಉಳಿದದ್ದನ್ನು ಗ್ರೂಪ್ ಮಾಡಲು ಹೋದಾಗ ಎಕ್ಸೆಲ್ ಎಚ್ಚರಿಸುತ್ತದೆ. ಅದಲುಬದಲಾದದ್ದರ ಬಗ್ಗೆ ಚಕಾರ ಎತ್ತುವುದಿಲ್ಲ. ಹಾಗಾಗಿ ರೀಜನ್ ಅನ್ನು ಡೇಟಾ ತುಂಬುವ ಮುಂಚೆಯೇ ಇಂಡಿಯಾಕ್ಕೆ ಬದಲಿಸಬೇಕು. ತಿಂಗಳಿಗೆ ಗ್ರೂಪ್ ಮಾಡುವಾಗ ವರ್ಷವನ್ನೂ ಆರಿಸಿ, ಇಲ್ಲದಿದ್ದರೆ 2024ರ ಏಪ್ರಿಲ್ 2025ರ ಏಪ್ರಿಲ್‌ಗೆ ಸೇರಿಹೋಗುತ್ತದೆ. ತಿಂಗಳಿಗೆರಡು ಬಟವಾಡೆ ಇರುವ ಸಂಘದವರು 15 ದಿನದ ಗ್ರೂಪ್ ನಂಬಬೇಡಿ: ಏಪ್ರಿಲ್ 1ರಿಂದ ಹೊರಟರೆ ಮೇ 30ರವರೆಗೆ ಸರಿಯಾಗಿರುತ್ತದೆ, ಮುಂದಿನ ಕಂತು ಮೇ 31ರಿಂದ ಜೂನ್ 14 ಆಗಿಬಿಡುತ್ತದೆ. ಮೂಲ ಟೇಬಲ್‌ನಲ್ಲೇ ‘ಬಟವಾಡೆ’ ಅಂತ ಒಂದು ಕಾಲಮ್ ಮಾಡಿ, 15ನೇ ತಾರೀಖಿನವರೆಗೆ 1, ಆಮೇಲೆ 2 ಬರುವಂತೆ ಫಾರ್ಮುಲಾ ಹಾಕಿ, ಅದನ್ನು ಫಿಲ್ಟರ್ಸ್‌ನಲ್ಲಿಡಿ.

ಲೀಟರ್ ಕಾಲಮ್‌ನಲ್ಲಿ ಒಂದು ಕಡೆ ‘8 ಲೀ’ ಅಂತ ಇದ್ದರೂ ಪಿವಟ್ ಕೂಡಿಸುವ ಬದಲು ಎಣಿಸಲು ಶುರು ಮಾಡುತ್ತದೆ. ಸಮ್‌ಗೆ ಬದಲಿಸಿ ಸುಮ್ಮನಾಗಬೇಡಿ, ಆ 8 ಲೀಟರ್ ಮೊತ್ತದಿಂದ ಬಿಟ್ಟುಹೋಗಿರುತ್ತದೆ. ಕೌಂಟ್ ಬಂದರೆ ಮೂಲ ಶೀಟ್‌ಗೆ ಹೋಗಿ ಆ ಅಕ್ಷರ ಹುಡುಕಿ ತೆಗೆಯಿರಿ.

ಸರಾಸರಿ ಫ್ಯಾಟ್‌ನ ವಿಷಯಕ್ಕೆ ಹೆಚ್ಚು ಗಮನ ಬೇಕು, ಇಲ್ಲಿ ತಪ್ಪಾದರೆ ರೈತರ ಹಾಲಿನ ಗುಣಮಟ್ಟವನ್ನೇ ತಪ್ಪಾಗಿ ಹೇಳಿದಂತೆ. ಬೆಳಿಗ್ಗೆ 8 ಲೀಟರ್ 3.8 ಫ್ಯಾಟ್, ಸಂಜೆ 2 ಲೀಟರ್ 4.8 ಫ್ಯಾಟ್ ಅನ್ನಿ. ಫ್ಯಾಟ್ ಅನ್ನು ವ್ಯಾಲ್ಯೂಸ್‌ಗೆ ಹಾಕಿ ಆವರೇಜ್ ಕೊಟ್ಟರೆ 4.3 ಬರುತ್ತದೆ. ಎರಡೂ ಹೊತ್ತಿನ ಹಾಲನ್ನು ಒಂದೇ ಕ್ಯಾನಿಗೆ ಸುರಿದರೆ ಇರುವುದು 4.0, ಯಾಕೆಂದರೆ 30.4ಕ್ಕೆ (8 × 3.8) 9.6 (2 × 4.8) ಕೂಡಿ, 10 ಲೀಟರ್‌ನಿಂದ ಭಾಗಿಸಬೇಕು. ದಾರಿ ಇದು: ಮೂಲ ಟೇಬಲ್‌ನಲ್ಲಿ ಲೀಟರನ್ನು ಫ್ಯಾಟ್‌ನಿಂದ ಗುಣಿಸಿದ ‘ಒಟ್ಟುಫ್ಯಾಟ್’ ಕಾಲಮ್ ಮಾಡಿ. ಪಿವಟ್ ರಿಫ್ರೆಶ್ ಮಾಡಿ, ಪಿವಟ್‌ಟೇಬಲ್ ಅನಲೈಸ್ ಟ್ಯಾಬ್‌ನ ‘ಫೀಲ್ಡ್ಸ್, ಐಟಮ್ಸ್ ಅಂಡ್ ಸೆಟ್ಸ್’ನಲ್ಲಿ ಕ್ಯಾಲ್ಕ್ಯುಲೇಟೆಡ್ ಫೀಲ್ಡ್ ತೆರೆದು, ಒಟ್ಟುಫ್ಯಾಟ್ ಭಾಗಿಸು ಲೀಟರ್ ಅಂತ ಕೊಡಿ.

ಗುಣಾಕಾರವನ್ನೂ ಅಲ್ಲೇ ಯಾಕೆ ಮಾಡಬಾರದು? ಕ್ಯಾಲ್ಕ್ಯುಲೇಟೆಡ್ ಫೀಲ್ಡ್ ಸಾಲು ಸಾಲಾಗಿ ಲೆಕ್ಕ ಮಾಡುವುದಿಲ್ಲ, ಮೊದಲು ಕೂಡಿಸಿ ಆಮೇಲೆ ಲೆಕ್ಕ ಮಾಡುತ್ತದೆ. 8 ಲೀಟರ್ 35 ರೂಪಾಯಿಗೆ, 2 ಲೀಟರ್ 37 ರೂಪಾಯಿಗೆ ಆದರೆ ಕೊಡಬೇಕಾದದ್ದು 354 ರೂಪಾಯಿ. ಲೀಟರ್ × ದರ ಅಂತ ಕ್ಯಾಲ್ಕ್ಯುಲೇಟೆಡ್ ಫೀಲ್ಡ್ ಬರೆದರೆ 10 ಲೀಟರನ್ನು 72ರಿಂದ ಗುಣಿಸಿ 720 ತೋರಿಸುತ್ತದೆ. ಗುಣಿಸುವುದು ಮೂಲದಲ್ಲಿ, ಭಾಗಿಸುವುದು ಪಿವಟ್‌ನಲ್ಲಿ.

ಮೂಲದಲ್ಲಿ ಏನೇ ತಿದ್ದಿದರೂ ಪಿವಟ್‌ಗೆ ತಾನಾಗಿ ತಿಳಿಯುತ್ತದೆ ಅಂತ ನಂಬಬೇಡಿ, ಆಲ್ಟ್ + ಎಫ್5 ಒತ್ತಿ. ಯಾವುದಾದರೂ ಮೊತ್ತದ ಮೇಲೆ ಅನುಮಾನ ಬಂದರೆ ಆ ಅಂಕಿಯ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಅದರ ಹಿಂದಿರುವ ಸಾಲುಗಳೆಲ್ಲ ಹೊಸ ಶೀಟ್‌ನಲ್ಲಿ ತೆರೆದುಕೊಳ್ಳುತ್ತವೆ. ಇದೇ ಕಾರಣಕ್ಕೆ ಒಬ್ಬ ಸದಸ್ಯರಿಗೆ ಅವರ ಲೆಕ್ಕ ಕಳಿಸುವಾಗ ಪಿವಟ್ ಇರುವ ಫೈಲ್ ಕಳಿಸಬೇಡಿ: ಮೂಲ ಶೀಟ್ ಅಳಿಸಿದ್ದರೂ ಪಿವಟ್‌ನೊಳಗೆ ಎಲ್ಲರ ಸಾಲುಗಳೂ ಉಳಿದಿರಬಹುದು. ಬೇಕಾದಷ್ಟನ್ನು ಕಾಪಿ ಮಾಡಿ, ಹೊಸ ಫೈಲ್‌ನಲ್ಲಿ ಪೇಸ್ಟ್ ಸ್ಪೆಷಲ್‌ನಿಂದ ಬರೀ ವ್ಯಾಲ್ಯೂಸ್ ಅಂಟಿಸಿ ಕಳಿಸಿ.