ನನ್ನ ಮತ 1998ಕ್ಕೇ

ವಿಡಿಯೋ ಗೇಮ್‌ಗಳ ಮಟ್ಟಿಗೆ ಅತ್ಯುತ್ತಮ ವರ್ಷ ಯಾವುದು ಅನ್ನೋ ವಾದ ಗೆಳೆಯರ ನಡುವೆ ಮತ್ತೆ ಶುರುವಾಗಿದೆ. ನಾನಂತೂ 1998 ಬಿಟ್ಟುಕೊಡಲ್ಲ. ಸ್ಟಾರ್‌ಕ್ರಾಫ್ಟ್, ಮೆಟಲ್ ಗೇರ್ ಸಾಲಿಡ್, ಹಾಫ್-ಲೈಫ್, ಆಕರಿನಾ ಆಫ್ ಟೈಮ್, ಎಲ್ಲಾ ಒಂದೇ ವರ್ಷದ್ದು!

ಹಾಫ್-ಲೈಫ್ ಶುರುವಾಗೋದು ಒಂದು ಟ್ರಾಮ್ ಪ್ರಯಾಣದಿಂದ. ಗುಂಡಿಲ್ಲ, ಶತ್ರುಗಳಿಲ್ಲ. ಬೋಗಿಯೊಳಗೆ ಓಡಾಡಬಹುದು, ಬೇಕಾದ ಕಿಟಕಿಗೆ ಹೋಗಿ ಹೊರಗೆ ನೋಡಬಹುದು. ಕಥೆ ಹೇಳೋ ನೆಪದಲ್ಲಿ ನಮ್ಮ ಕೈಯಿಂದ ಆಟ ಕಿತ್ತುಕೊಳ್ಳದೇ ಇದ್ದದ್ದು ಆಗ ದೊಡ್ಡ ವಿಷಯ. ಆಕರಿನಾದಲ್ಲಿ ಝಡ್ ಬಟನ್ ಒತ್ತಿದರೆ ಕ್ಯಾಮೆರಾ ಶತ್ರುವಿನ ಮೇಲೇ ನಿಲ್ಲುತ್ತಿತ್ತು. ತ್ರೀಡಿ ಕತ್ತಿವರಸೆಯ ಎಷ್ಟೋ ಆಟಗಳಲ್ಲಿ ಈಗಲೂ ಅದೇ ಉಪಾಯ ನಡೀತಿದೆ.

2004 ಅನ್ನೋರ ಕೈಯಲ್ಲಿ ಸ್ಯಾನ್ ಆಂಡ್ರಿಯಾಸ್ ಇದೆ, ಒಪ್ಪಿದೆ. 2007 ಅನ್ನೋರ ಜೊತೆ ಜಗಳ ಆಡೋದು ಮಾತ್ರ ಕಷ್ಟ. ಬಯೋಶಾಕ್, ಮಾಸ್ ಎಫೆಕ್ಟ್, ಸೂಪರ್ ಮಾರಿಯೋ ಗ್ಯಾಲಕ್ಸಿ. ಸಾಲದ್ದಕ್ಕೆ ಪೋರ್ಟಲ್, ಒಂದು ಸಂಜೆಯಲ್ಲೇ ಮುಗಿಯೋ ಅಷ್ಟು ಚಿಕ್ಕದಾದರೂ ಅದರ ಒಗಟಿನ ಕೋಣೆಗಳಲ್ಲಿ ಒಂದೂ ದಂಡವಲ್ಲ.

ಎಲ್ಲರೂ ತಮ್ಮ ಬಳಿ ಬಿಡುವು ಧಾರಾಳವಾಗಿದ್ದ ವರ್ಷವನ್ನೇ ಆರಿಸಿಕೊಳ್ತಾರೇನೋ ಅನ್ನಿಸುತ್ತೆ. ಆದರೂ 1998ರಲ್ಲಿ ತ್ರೀಡಿ ಆಟ ಹೀಗೇ ಇರಬೇಕು ಅಂತ ಇನ್ನೂ ಯಾರೂ ತೀರ್ಮಾನ ಮಾಡಿರಲಿಲ್ಲ. ಒಬ್ಬೊಬ್ಬರೂ ಒಂದೊಂದು ದಾರಿ ಹುಡುಕ್ತಿದ್ದರು. ಆ ಹುಡುಕಾಟ ಆಟದೊಳಗೇ ಕಾಣುತ್ತೆ, ನನಗೆ ಅದೇ ಇಷ್ಟ.

ನಿಮ್ಮದು ಯಾವ ವರ್ಷ? ಆಟದ ಹೆಸರೂ ಹೇಳಿ.