ಬೂಟ್‌ಲೋಡರ್ ಮುಟ್ಟಿ ಕೆಟ್ಟೆ: ಕೀಬೋರ್ಡ್ ಲಾಗ್, ಕಲಬುರಗಿ

ಶನಿವಾರ ರಾತ್ರಿ

ನಾನೇ ಜೋಡಿಸಿಕೊಂಡ ಬ್ಲೂಟೂತ್ ಕೀಬೋರ್ಡ್ ಸತ್ತಿದೆ. ಒಳಗಿರುವುದು ಎನ್‌ಆರ್‌ಎಫ್52840 ಎಂಬ ಬ್ಲೂಟೂತ್ ಚಿಪ್ಪಿನ ಬೋರ್ಡ್, ಅದರಲ್ಲಿ ಜೆಡ್‌ಎಂಕೆ ಎಂಬ ಕೀಬೋರ್ಡ್ ಫರ್ಮ್‌ವೇರ್ (ಚಿಪ್ಪಿನೊಳಗೇ ಓಡುವ ತಂತ್ರಾಂಶ). ಇಷ್ಟು ದಿನ ಫರ್ಮ್‌ವೇರ್ ಬದಲಿಸುವುದು ಆಟವಾಗಿತ್ತು: ರಿಸೆಟ್ ಎರಡು ಸಲ ಟಕಟಕ ಒತ್ತಿದರೆ ಪೆನ್‌ಡ್ರೈವ್ ತರಹ ತೆರೆದುಕೊಳ್ಳುತ್ತಿತ್ತು, ಹೊಸ ಫರ್ಮ್‌ವೇರಿನ ಯುಎಫ್2 ಫೈಲ್ ಎಳೆದು ಹಾಕಿದರೆ ಮುಗೀತು. ಅದು ಕೆಟ್ಟರೂ, ಚಿಪ್ ಆನ್ ಆದಾಗ ಮೊದಲು ಓಡಿ ಆ ಡ್ರೈವ್ ತೋರಿಸುವ ಬೂಟ್‌ಲೋಡರ್ ಬೇರೆ ಜಾಗದಲ್ಲಿ ಕೂತಿರುತ್ತದೆ, ಮತ್ತೆ ಒತ್ತಿದರಾಯಿತು. ನಾನು ಹೋಗಿ ಆ ಬೂಟ್‌ಲೋಡರನ್ನೇ ಸೀರಿಯಲ್ ಮೂಲಕ ಅಪ್‌ಡೇಟ್ ಮಾಡಿದೆ. ಬೇಕಾಗಿತ್ತಾ? ಇಲ್ಲ. ಹೊಸ ಆವೃತ್ತಿ ಕಂಡಿತು, ಕೈ ಸುಮ್ಮನಿರಲಿಲ್ಲ. ಅದೂ ಬೇರೆ ಬೋರ್ಡಿನ ಫೈಲ್, ಹೆಸರು ಹೆಚ್ಚುಕಡಿಮೆ ಒಂದೇ. ಈಗ ಎಷ್ಟು ಒತ್ತಿದರೂ ಡ್ರೈವ್ ಇಲ್ಲ, ಎಲ್‌ಇಡಿ ಇಲ್ಲ.

ಭಾನುವಾರ

ಉಳಿದ ದಾರಿ ಎಸ್‌ಡಬ್ಲ್ಯೂಡಿ, ಅಂದರೆ ಕ್ಲಾಕ್, ಡೇಟಾ ಎಂಬ ಎರಡು ತಂತಿಗಳಿಂದ ಚಿಪ್ಪಿಗೆ ನೇರವಾಗಿ ಬರೆಯುವುದು. ಬೋರ್ಡ್ ಸಾಕೆಟ್ಟಿನಲ್ಲಿದ್ದದ್ದು ಪುಣ್ಯ, ಕಿತ್ತು ತಿರುಗಿಸಿದೆ. ಕೆಳಗೆ ಎರಡು ಪ್ಯಾಡ್, ಸಾಸಿವೆ ಕಾಳಿನಷ್ಟು. ನನ್ನ ಸೋಲ್ಡರಿಂಗ್ ಐರನ್ನಿನ ಮೊನೆಯೇ ಅದಕ್ಕಿಂತ ದಪ್ಪ. ಗಾಳಿಗೆ ಬೆಸುಗೆ ಆರುತ್ತದೆಂದು ಫ್ಯಾನ್ ಆರಿಸಿ ಕೂತೆ. ಕಲಬುರಗಿಯ ಮೇ ತಿಂಗಳು, ಹತ್ತೇ ನಿಮಿಷಕ್ಕೆ ಹಣೆಯ ಬೆವರು ಬೋರ್ಡಿನ ಮೇಲೆ ಬಿತ್ತು. ಸಾಕಪ್ಪ ಅಂತ ಸೂಪರ್ ಮಾರ್ಕೆಟ್ ಕಡೆ ಮೊಬೈಲ್ ರಿಪೇರಿ ಅಂಗಡಿಗೆ ಹೋದೆ.

"ಇದು ಮೊಬೈಲ್ ಅಲ್ಲಲ್ರಿ ಸರ್?"

"ಕೀಬೋರ್ಡಿಂದ್ರಿ. ಎರಡು ಜಂಪರ್ ಹಾಕಿ ಕೊಡ್ರಿ ಸಾಕು."

ಮೈಕ್ರೋಸ್ಕೋಪ್ ಕೆಳಗಿಟ್ಟು, ಪೇಸ್ಟ್ ಹಚ್ಚಿ, ಕೂದಲೆಳೆಯಂಥ ತಂತಿಗಳನ್ನು ಎರಡೇ ನಿಮಿಷದಲ್ಲಿ ಕೂರಿಸಿದರು. "ಎಳೀಬ್ಯಾಡ್ರಿ ಮತ್ತ, ಪ್ಯಾಡೇ ಕಿತ್ತು ಬರ್ತದ."

ಸೋಮವಾರ

ಚಿಪ್ ಲಾಕ್ ಆಗಿದೆ, ಹೊರಗಿನಿಂದ ಓದಲೂ ಬರೆಯಲೂ ಬಿಡುವುದಿಲ್ಲ. ಬಿಡಿಸಲು ಅದರ ಕಂಟ್ರೋಲ್ ಪೋರ್ಟಿಗೆ ತಲುಪಬೇಕು. ನನ್ನ ಹಳೇ ನಕಲಿ ಎಸ್‌ಟಿ-ಲಿಂಕ್ ಪ್ರೋಗ್ರಾಮರಿನಿಂದ ಆಗಲಿಲ್ಲ. ಡ್ರಾಯರಿನಲ್ಲಿದ್ದ ರಾಸ್ಪ್‌ಬೆರಿ ಪೈ ಪಿಕೋ ಎಂಬ ಪುಟ್ಟ ಬೋರ್ಡಿಗೆ, ಅದನ್ನೇ ಎಸ್‌ಡಬ್ಲ್ಯೂಡಿ ಪ್ರೋಗ್ರಾಮರ್ ಮಾಡುವ ಡಿಬಗ್‌ಪ್ರೋಬ್ ಫರ್ಮ್‌ವೇರ್ ಹಾಕಿದೆ. ಅದರ ಜಿಪಿ2 ಪಿನ್ ಕ್ಲಾಕಿಗೆ, ಜಿಪಿ3 ಡೇಟಾಗೆ, ಗ್ರೌಂಡ್ ಗ್ರೌಂಡಿಗೆ. ಓಪನ್‌ಓಸಿಡಿ ಎಂಬ ಡಿಬಗ್ ತಂತ್ರಾಂಶದಲ್ಲಿ ರಿಕವರ್ ಕಮಾಂಡ್ ಕೊಟ್ಟೆ, 1 ಎಂಬಿ ಫ್ಲ್ಯಾಷ್ ಪೂರ್ತಿ ಅಳಿಸಿತು.

ಆಮೇಲೆ ಎದೆ ಧಸಕ್ಕೆಂದಿತು. ಬೋರ್ಡಿನ ವಿಸಿಸಿ (ವಿದ್ಯುತ್) ಪಿನ್ನಿಗೆ ಮಲ್ಟಿಮೀಟರ್ ಇಟ್ಟರೆ 3.3 ಬದಲು 1.8 ವೋಲ್ಟ್! ವೋಲ್ಟೇಜ್ ರೆಗ್ಯುಲೇಟರ್ ಸುಟ್ಟಿತು ಅಂತಲೇ ಅಂದುಕೊಂಡೆ. ಚಹಾ ಕುಡಿದು ಬಂದು ಡೇಟಾಶೀಟ್ ತೆರೆದ ಮೇಲೆ ಹೊಳೆಯಿತು: ಔಟ್‌ಪುಟ್ ವೋಲ್ಟೇಜ್ ಎಷ್ಟೆಂಬ ಸೆಟ್ಟಿಂಗ್ ಚಿಪ್ಪಿನ ಯುಐಸಿಆರ್ ಎಂಬ ಪುಟ್ಟ ಮೆಮೊರಿ ಜಾಗದಲ್ಲಿರುತ್ತದೆ, ಅಳಿಸಿದಾಗ ಅದೂ ಹೋಗಿ 1.8ಕ್ಕೆ ಇಳಿಯುತ್ತದೆ. ಸರಿಯಾದ ಬೋರ್ಡಿನ ಬೂಟ್‌ಲೋಡರ್ ಹೆಕ್ಸ್ ಫೈಲ್ ಹಾಕಿದೆ. ಚಿಪ್ ತಯಾರಕರ ಬ್ಲೂಟೂತ್ ತಂತ್ರಾಂಶ ಸಾಫ್ಟ್‌ಡಿವೈಸ್ ಎಸ್140 ಸೇರಿದ ಪೂರ್ತಿ ಫೈಲೇ ಬೇಕು. ಜೆಡ್‌ಎಂಕೆ ಅದನ್ನು ಬಳಸುವುದಿಲ್ಲ, ಆದರೂ ಅದರ ಜಾಗ ಬಿಟ್ಟು ಆಚೆಯಿಂದಲೇ ಶುರುವಾಗುತ್ತದೆ. ಬೂಟ್ ಆಯಿತು, ಮೀಟರ್ 3.3 ತೋರಿಸಿತು, ಡ್ರೈವ್ ಬಂತು.

ಜೆಡ್‌ಎಂಕೆ ಹಾಕಿದರೂ ಅಕ್ಷರ ಬೀಳಲಿಲ್ಲ. ಕೀಬೋರ್ಡ್ ಹಳೇ ಪೇರಿಂಗ್ ಮರೆತಿದೆ, ಲ್ಯಾಪ್‌ಟಾಪ್ ಮರೆತಿಲ್ಲ. ಅಲ್ಲಿಯೂ ಅಳಿಸಿ ಹೊಸದಾಗಿ ಜೋಡಿಸಿದೆ. ಈ ಲಾಗ್ ಅದರಲ್ಲೇ ಟೈಪ್ ಮಾಡಿದ್ದು, ಕಗಪ ವಿನ್ಯಾಸದಲ್ಲಿ.

ಜಂಪರ್ ಬಿಚ್ಚಿಲ್ಲ. ಮೇಲೆ ವಿದ್ಯುತ್ ಹರಿಯದ ಕಾಪ್ಟನ್ ಟೇಪ್ ಹಚ್ಚಿ ಹಾಗೇ ಒಳಗೆ ಮಡಚಿಟ್ಟಿದ್ದೇನೆ.